ಮಾತಾಡಿದ ಹಲ್ಲು ಸೆಟ್

ನನ್ನ ಬಾಯಿ ದೊಡ್ಡದು ಅಂತ ನಮ್ಮ ಬೀದಿಗೆಲ್ಲ ಗೊತ್ತು. ಬೇಕಾದರೆ ಕೊಳೆತ ಟೊಮ್ಯಾಟೊ ತೂಗಿಕೊಟ್ಟ ಅಂಗಡಿಯವನನ್ನು ಕೇಳಿ, ನಮ್ಮ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸುತ್ತಿದ್ದ ಪಕ್ಕದ ಮನೆಯವರನ್ನು ಕೇಳಿ. “ಇವಳ ಹತ್ರ ಜಗಳಕ್ಕೆ ಬರೋರು ಇನ್ಶೂರೆನ್ಸ್ ಮಾಡಿಸ್ಕೊಂಡು ಬರ್ಬೇಕು” ಅಂತ ನಮ್ಮ ಯಜಮಾನರು ನೆಂಟರ ಮುಂದೆ ಹೇಳಿ ನಗಿಸುತ್ತಾರೆ. ಅವರು ಶಾಲೆಯ ಬಸ್ಸು ಓಡಿಸುವವರು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಬರುವವರಿಗೆ ನನ್ನ ಗಲಾಟೆ ಯಾವ ಲೆಕ್ಕ. ಅಂಥ ನಾನು ಬೆಳಿಗ್ಗೆ ಕೆಲಸದ ಜಾಗದ ಮೆಟ್ಟಿಲು ಹತ್ತುವಾಗ ಬಾಯಿಗೆ ಬೀಗ ಜಡಿದುಕೊಂಡೇ ಹತ್ತುತ್ತಿದ್ದೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದು ನನಗೆ ಇನ್ನೊಂದು ಕೆಲಸವಾಗಿತ್ತು, ಸಂಬಳವಿಲ್ಲದ್ದು.

ನಮ್ಮದು ಹಲ್ಲು ಸೆಟ್ ಮಾಡುವ ಲ್ಯಾಬು. ಹಲ್ಲಿನ ಡಾಕ್ಟರುಗಳು ಹಲ್ಲಿಲ್ಲದವರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಪ್ಲಾಸ್ಟರಿನವರು ಆ ಅಚ್ಚಿನಿಂದ ಬಿಳಿ ದವಡೆ ಎರಕ ಹೊಯ್ಯುತ್ತಾರೆ. ಮೇಲಿನದು ಕೆಳಗಿನದು ಎರಡನ್ನೂ, ಬಾಯಿಯಂತೆಯೇ ತೆರೆದು ಮುಚ್ಚುವ ಒಂದು ಹಿತ್ತಾಳೆ ಫ್ರೇಮಿಗೆ ಕೂರಿಸಿದ ಮೇಲೆ ಅದು ನನ್ನ ಟೇಬಲ್ಲಿಗೆ ಬರುತ್ತದೆ. ಗುಲಾಬಿ ಮೇಣದ ಒಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ನೆಟ್ಟು, ಕಚ್ಚಿದರೆ ಎರಡೂ ಸಾಲು ಸರಿಯಾಗಿ ಕೂಡುವಂತೆ ಮಾಡುವುದು ನನ್ನ ಕೆಲಸ. ಮೇಣದಲ್ಲಿರುವಾಗಲೇ ಅದು ಡಾಕ್ಟರ ಬಳಿ ಹೋಗಿ ಬಾಯಿಯಲ್ಲಿ ಒಮ್ಮೆ ಟ್ರಯಲ್ ಆಗಬೇಕು. ಆಮೇಲೆ ಮೇಣ ಕರಗಿಸಿ ಗಟ್ಟಿ ಸೆಟ್ ಮಾಡುತ್ತಾರೆ. ಟ್ರಯಲ್ಲಿಗೆ ಹೋಗುವ ಮುಂಚೆ ಪ್ರತಿಯೊಂದನ್ನೂ ನೋಡಿ ಪಾಸು ಮಾಡುವವನು ಕ್ವಾಲಿಟಿ.

ಕ್ವಾಲಿಟಿ ಅನ್ನುವುದು ಅವನ ಹುದ್ದೆ. ನಮ್ಮ ಬಾಯಲ್ಲಿ ಅದೇ ಅವನ ಹೆಸರಾಗಿಬಿಟ್ಟಿತ್ತು. ನನಗಿಂತ ಚಿಕ್ಕವನು. ಮೊದಲು ನನ್ನ ಪಕ್ಕದ ಟೇಬಲ್ಲಿನಲ್ಲೇ ಕೂತು ಮೇಣ ಕಾಯಿಸುತ್ತಿದ್ದವನನ್ನು ನಾನು ‘ತಮ್ಮಾ’ ಅಂತ ಕರೆಯುತ್ತಿದ್ದೆ. ಮೇಲಿನ ಕೆಲಸ ಸಿಕ್ಕಿದ ಕೂಡಲೇ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ಬೇರೆಯವರ ಮುಂದೆ ಸರ್ ಅನ್ನಿ, ಚೆನ್ನಾಗಿರುತ್ತೆ” ಅಂದ. ಆಗಲಿ ಅಂದೆ. ಅಧಿಕಾರ ಬಂದವರಿಗೆ ಅಷ್ಟು ಆಸೆ ಇರುತ್ತದೆ, ಪಾಪ ಅಂದುಕೊಂಡೆ. ಅವನು ಮಾತ್ರ ನನ್ನನ್ನು ಅಕ್ಕ ಅನ್ನುವುದು ಬಿಡಲಿಲ್ಲ. ಒಬ್ಬ ಮನುಷ್ಯ ಅಕ್ಕ ಅಕ್ಕ ಅನ್ನುತ್ತಲೇ ಏನೆಲ್ಲ ಮಾಡಬಹುದು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಅವನದೊಂದು ಆಟವಿತ್ತು. ಬೆಳಿಗ್ಗೆ ಎಲ್ಲರೂ ಬಂದು ಕೂತ ಮೇಲೆ, ಹಿಂದಿನ ದಿನ ಪಾಸಾಗದ ಕೆಲಸಗಳಲ್ಲಿ ಒಂದನ್ನು ಎತ್ತಿಕೊಂಡು, ನಾವೆಲ್ಲ ಕೂರುವ ದೊಡ್ಡ ಹಾಲಿನ ನಡುವೆ ನಿಲ್ಲುತ್ತಿದ್ದ. ಫ್ರೇಮಿನ ದವಡೆಯನ್ನು ಬೆರಳಿನಿಂದ ಟಕಟಕ ಆಡಿಸುತ್ತ ಆ ಹಲ್ಲಿಗೆ ಮಾತು ಬರಿಸುತ್ತಿದ್ದ, ಅದನ್ನು ಯಾರು ಮಾಡಿದ್ದಾರೋ ಅವರ ದನಿಯಲ್ಲಿ. ಪ್ಲಾಸ್ಟರಿನವರ ಕೆಮ್ಮು, ಪಾಲಿಶ್ ಮಾಡುವವಳ ಮೂಗಿನ ಮಾತು, ಎಲ್ಲವೂ ಅವನಿಗೆ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಮಾಡುತ್ತಿದ್ದ. ಮೊದಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ದಿನವಿಡೀ ದೂಳು ಕುಡಿದು ಸುಟ್ಟ ಮೇಣದ ವಾಸನೆಯಲ್ಲಿ ಕೂರುವವರಿಗೆ ಅಷ್ಟು ಮನರಂಜನೆ ಇನ್ಯಾರು ಕೊಡುತ್ತಾರೆ.

ನನಗೆ ಮಾತಿನ ಕೊನೆಗೆ ‘ಅಲ್ವಾ’ ಸೇರಿಸುವ ಚಾಳಿ. ಹುಟ್ಟಿದಾಗಿನಿಂದ ಬಂದದ್ದು. ಅದು ಅವನ ಕೈಗೆ ಒಳ್ಳೆಯ ಆಟದ ಸಾಮಾನಾಯಿತು. “ನಾನು ಚೆನ್ನಾಗಿದೀನಿ, ಅಲ್ವಾ? ಡಾಕ್ಟ್ರು ಒಪ್ಕೋತಾರೆ, ಅಲ್ವಾ? ಎರಡು ಹಲ್ಲು ಹೆಚ್ಚುಕಮ್ಮಿ ಆದ್ರೆ ಯಾರಿಗ್ ಗೊತ್ತಾಗುತ್ತೆ, ಅಲ್ವಾ?” ಬರಬರುತ್ತ ಬೇರೆಯವರ ಸರದಿ ಕಡಿಮೆಯಾಗಿ ದಿನಾ ನನ್ನ ಹಲ್ಲುಗಳೇ ಮಾತಾಡತೊಡಗಿದವು. ಆಟ ಮುಗಿದ ಮೇಲೆ ನನ್ನ ಬಳಿ ಬಂದು ಹೆಬ್ಬೆರಳಿನಿಂದ ಒಂದು ಒತ್ತು ಒತ್ತುತ್ತಿದ್ದ. ಹಲ್ಲುಗಳೆಲ್ಲ ಮೇಣದಿಂದ ಕಿತ್ತು ನನ್ನ ಟೇಬಲ್ಲಿನ ಮೇಲೆ ಉದುರುತ್ತಿದ್ದವು.

“ಏನು ತಪ್ಪಾಗಿದೆ ಸರ್?” ಅಂದರೆ, “ಇಷ್ಟು ವರ್ಷ ಮಾಡಿದೀರಿ, ನಿಮಗೇ ಗೊತ್ತಾಗ್ಬೇಕು ಅಕ್ಕಾ” ಅನ್ನುತ್ತಿದ್ದ.

ನಾನೊಂದು ಜಾಣತನ ಕಲಿತೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಾನೇ ನಗುವುದು. ನಾನೇ ನಕ್ಕುಬಿಟ್ಟರೆ ಬೇರೆಯವರು ನನ್ನನ್ನು ನೋಡಿ ನಕ್ಕಂತಾಗುವುದಿಲ್ಲ, ನನ್ನ ಜೊತೆ ನಕ್ಕಂತಾಗುತ್ತದೆ. ಹಾಗಂತ ನನಗೆ ನಾನೇ ಹೇಳಿಕೊಂಡೆ. ಒಂದು ಬೆಳಿಗ್ಗೆ ಕಿಟಕಿ ಪಕ್ಕದ ನನ್ನ ಟೇಬಲ್ಲು ಪ್ಲಾಸ್ಟರ್ ತೊಳೆಯುವ ತೊಟ್ಟಿಯ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಬೆಳಕಿಲ್ಲ, ಇರುವುದೆಲ್ಲ ತೇವ. “ಅಕ್ಕಂಗೆ ತಂಪಾಗಿರ್ಲಿ ಅಂತ” ಅಂದ. ಅದಕ್ಕೂ ನಕ್ಕೆ. ಅಚ್ಚು ಸರಿಯಾಗಿ ಬರದ, ಒಸಡು ಕರಗಿಹೋದ, ಯಾರಿಗೂ ಬೇಡವಾದ ಕೇಸುಗಳೆಲ್ಲ ನನ್ನ ಟ್ರೇಗೆ ಬರತೊಡಗಿದವು. ಟೀ ಹೊತ್ತಿಗೆ ನಾನು ಹೋದರೆ ಮಾತು ನಿಂತು ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತಿತ್ತು.

ಇದಕ್ಕೊಂದು ಹೆಸರಿದೆ ಅಂತ ನನಗೆ ಹೊಳೆಯಲೇ ಇಲ್ಲ. ಕಿರುಕುಳ ಅನ್ನುವ ಪದ ಪತ್ರಿಕೆಯಲ್ಲಿ ಓದಿದ್ದೆ. ಬೈದರೆ, ಹೊಡೆದರೆ, ಮೈಮುಟ್ಟಿದರೆ ಬಳಸುವ ಪದ ಅಂದುಕೊಂಡಿದ್ದೆ. ಇವನು ಒಂದು ದಿನವೂ ದನಿಯೆತ್ತಿ ಬೈದವನಲ್ಲ. ಹಾಗಾಗಿ ತಪ್ಪು ನನ್ನಲ್ಲೇ ಇರಬೇಕು ಅನ್ನಿಸಿತು. ಕಣ್ಣು ಮಂಜಾಗಿರಬಹುದು ಅಂತ ಕಣ್ಣಿನ ಡಾಕ್ಟರ ಬಳಿ ಹೋದೆ. ನಂಬರು ಏನೂ ಬದಲಾಗಿಲ್ಲ ಅಂದರು. ಕೇಳಿ ಸಂತೋಷಪಡುವುದು ಬಿಟ್ಟು ಹೆದರಿದೆ. ಕಣ್ಣು ಸರಿಯಿದೆ ಅಂದರೆ ಕೆಟ್ಟಿರುವುದು ಕೈ. ನನಗೆ ಬೇರೆ ಕೆಲಸ ಬರುವುದಿಲ್ಲ.

ಆ ಹೊತ್ತಿಗೇ ಅತ್ತೆಯ ಹಲ್ಲು ತೆಗೆಸಿದ್ದು. ಉಳಿದಿದ್ದ ನಾಲ್ಕಾರು ಹಲ್ಲೂ ಅಲ್ಲಾಡಿ ನೋವು ಕೊಡುತ್ತಿದ್ದವು, ಎಲ್ಲವನ್ನೂ ಕಿತ್ತರು. ಒಸಡು ಮಾಯುವವರೆಗೆ ಕೆಲವು ತಿಂಗಳು ಹಾಗೇ ಇರಬೇಕು ಅಂದರು. ನಮ್ಮತ್ತೆ ಒಂದು ಕಾಲಕ್ಕೆ ಮಾತಿನ ಮಲ್ಲಿ. ಅವರು ಬಾಯಿ ತೆರೆದರೆ ಮನೆ ತುಂಬ ಜನ ಇದ್ದಂತೆ. ಅಂಥವರು ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಮೂಲೆ ಸೇರಿಬಿಟ್ಟರು. ನಾವೆಲ್ಲ ಉಂಡು ಎದ್ದ ಮೇಲೆ ಒಬ್ಬರೇ ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತು ಹಾಲಲ್ಲಿ ನೆನೆಸಿದ ಬ್ರೆಡ್ಡು ತಿನ್ನುತ್ತಿದ್ದರು. ದೂರದ ಊರಲ್ಲಿರುವ ಅವರ ಅಣ್ಣ ಫೋನಿನಲ್ಲಿ ಮುಖ ತೋರಿಸು ಅಂದರೆ ಅತ್ತೆ ಕ್ಯಾಮೆರಾ ಮೇಲೆ ತಿರುಗಿಸಿ ಫ್ಯಾನು ತೋರಿಸುತ್ತಿದ್ದರು. ಆ ಅಣ್ಣ ನಮ್ಮಲ್ಲಿಗೆ ಬಂದು ಕೆಲವು ದಿನ ಇರುತ್ತೇನೆ ಅಂತ ಟಿಕೆಟ್ ಮಾಡಿಸಿದ್ದರು. ಇಬ್ಬರಿಗೂ ವಯಸ್ಸಾಗಿತ್ತು, ನೋಡಿ ವರ್ಷಗಳಾಗಿದ್ದವು.

“ಅವನು ಬರೋದ್ರೊಳಗೆ ಹಲ್ಲು ಬಂದ್ರೆ ಸಾಕು” ಅಂದರು ಅತ್ತೆ.

“ನಾನೇ ಮಾಡ್ತೀನಿ ಅತ್ತೆ. ಯಾರೋ ಯಾಕೆ ಮಾಡ್ಬೇಕು.”

“ಮಾಡು. ನಿನ್ನ ಕೈ ಒಳ್ಳೇದು.”

ಅತ್ತೆ ನನ್ನ ಬಗ್ಗೆ ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅದೂ ನಾನೇ ನನ್ನ ಕೈಯನ್ನು ನಂಬದ ಹೊತ್ತಿನಲ್ಲಿ. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಡಾಕ್ಟರ ಬಳಿಯಿಂದ ಅತ್ತೆಯ ಬಾಯಿಯ ಅಚ್ಚು ಬಂತು. ಪೆಟ್ಟಿಗೆಯ ಮೇಲೆ ಡಾಕ್ಟರ ಹೆಸರು, ಒಂದು ನಂಬರು ಅಷ್ಟೇ ಇರುತ್ತದೆ, ಯಾರ ಬಾಯಿ ಅಂತ ಇರುವುದಿಲ್ಲ. ನಂಬರು ಹೇಳಿ ನನ್ನ ಟ್ರೇಗೇ ಹಾಕಿಸಿಕೊಂಡೆ. ಕ್ವಾಲಿಟಿಗೆ ಹೇಳಲಿಲ್ಲ. ಹೇಳಿದರೆ ಅತ್ತೆ ಸೊಸೆ ನಾಟಕವೇ ಆಗಿಬಿಡುತ್ತದೆ ಅಂತ ಹೆದರಿಕೆ. ಅತ್ತೆಯ ಹಳೆಯ ಫೋಟೊ ಒಂದನ್ನು ಎದುರಿಗಿಟ್ಟುಕೊಂಡು ಹಲ್ಲು ನೆಟ್ಟೆ. ಅವರ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಚೂರು ಏರಿಕೊಂಡಿದ್ದವು. ನಕ್ಕರೆ ಅದೇ ಅವರ ಗುರುತು. ನಾನೂ ಹಾಗೇ ಏರಿಸಿದೆ. ತೀರಾ ಸಾಲಾಗಿ ನೆಟ್ಟರೆ ಮುದುಕಿಗೆ ಬಾಚಣಿಗೆ ಕಚ್ಚಿಸಿದಂತೆ ಕಾಣುತ್ತದೆ.

ಮರುದಿನ ಬೆಳಿಗ್ಗೆ ಹಾಲಿನ ನಡುವೆ ಕ್ವಾಲಿಟಿ ಎತ್ತಿ ಹಿಡಿದದ್ದು ಅದನ್ನೇ.

“ಇವತ್ತು ಅಜ್ಜಿ ಬಂದಿದಾರೆ” ಅಂದ. ಆಮೇಲೆ ಹಲ್ಲಿಲ್ಲದವರ ಹಾಗೆ ತುಟಿ ಒಳಗೆಳೆದುಕೊಂಡು, ದವಡೆ ಆಡಿಸುತ್ತ ಶುರು ಮಾಡಿದ. “ಈ ವಯಸ್ಸಲ್ಲಿ ನನ್ನ ಯಾರು ನೋಡ್ತಾರೆ, ಅಲ್ವಾ? ಸೊಟ್ಟ ಇದ್ರೂ ನಡೆಯುತ್ತೆ, ಅಲ್ವಾ? ಇವತ್ತೋ ನಾಳೆಯೋ ಹೋಗೋಳು, ಅಲ್ವಾ?”

ನಾನು ನಕ್ಕೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ. ಅಭ್ಯಾಸ ಎಷ್ಟು ಕೆಟ್ಟದ್ದು ನೋಡಿ, ಅದು ಯಾರ ಬಾಯಿ ಅಂತ ನೆನಪಾಗುವ ಮೊದಲೇ ನಗು ಹೊರಗೆ ಬಂದಾಗಿತ್ತು. ನೆನಪಾದ ಮೇಲೂ ನಿಲ್ಲಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರಲ್ಲ ಅಂತ, ಕೊನೆಯವರೆಗೂ ನಕ್ಕು ಮುಗಿಸಿದೆ. ಅವನು ನನ್ನ ಬಳಿ ಬಂದು ಹೆಬ್ಬೆರಳು ಒತ್ತಿದ. ಅತ್ತೆಯ ಹಲ್ಲುಗಳು ತೊಟ್ಟಿಯ ಪಕ್ಕದ ತೇವದಲ್ಲಿ ಬಿದ್ದವು. ಬಗ್ಗಿ ಒಂದೊಂದಾಗಿ ಆರಿಸುವಾಗ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅವನ ಮೇಲಲ್ಲ. ಅಷ್ಟರ ಮಟ್ಟಿಗೆ ಅವನು ಗೆದ್ದಿದ್ದ.

ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಡಾಕ್ಟ್ರು ರಜೆ ಅಂತೆ” ಅಂದೆ. ಮತ್ತೆ ಹಲ್ಲು ನೆಟ್ಟೆ. ಅವನು ಎತ್ತಿ ನೋಡಿದನೋ ಇಲ್ಲವೋ, “ಅಕ್ಕಾ, ಇನ್ನೊಂದ್ಸಲ” ಅಂತ ಮತ್ತೆ ಕೆಡವಿದ. “ಕರೆಂಟು ಇರ್ಲಿಲ್ಲ ಅತ್ತೆ” ಅಂದೆ. ಆಮೇಲೆ ಲ್ಯಾಬಲ್ಲಿ ಮೇಣ ಖಾಲಿ ಅಂದೆ. ಹಲ್ಲಿನ ಲ್ಯಾಬಲ್ಲಿ ಮೇಣ ಖಾಲಿ ಅಂದರೆ ಬೇಕರಿಯಲ್ಲಿ ಹಿಟ್ಟು ಖಾಲಿ ಅಂದ ಹಾಗೆ. ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಕೋಣೆಯಿಂದ ಅವರು ಅಣ್ಣನಿಗೆ ಫೋನು ಮಾಡುವುದು ಕೇಳಿಸಿತು. “ಸದ್ಯ ಬರ್ಬೇಡ. ಮನೆಗೆ ಬಣ್ಣ ಹೊಡೀತಿದಾರೆ, ವಾಸನೆ.” ನಮ್ಮ ಮನೆಯ ಗೋಡೆಗಳು ಬಣ್ಣ ಕಂಡು ಯಾವ ಕಾಲವಾಯಿತೋ. ನನ್ನ ಸುಳ್ಳಿಗೆ ಅವರ ಸುಳ್ಳು ಸೇರಿಕೊಂಡಿತ್ತು.

ಭಾನುವಾರ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತೆ ಬಟಾಣಿ ಬಿಡಿಸುತ್ತಿದ್ದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಮಾಡೋಕೆ ಇಷ್ಟ ಇಲ್ದಿದ್ರೆ ಹೇಳ್ಬಿಡು. ನಾನು ನಿನ್ನ ನಡೆಸ್ಕೊಂಡ ರೀತಿಗೆ, ಇಷ್ಟ ಇಲ್ಲ ಅಂದ್ರೂ ತಪ್ಪಿಲ್ಲ” ಅಂದರು, ಕರ್ಚೀಫಿನ ಹಿಂದಿನಿಂದ.

ಇನ್ನು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎಲ್ಲವನ್ನೂ ಹೇಳಿದೆ. ಮಾತಾಡುವ ಹಲ್ಲು, ಹೆಬ್ಬೆರಳು, ತೊಟ್ಟಿಯ ಪಕ್ಕದ ಟೇಬಲ್ಲು, ಅವರ ಹಲ್ಲು ಮಾತಾಡಿದ್ದು, ನಾನು ನಕ್ಕಿದ್ದು. ಹೇಳುವಾಗಲೂ ನಗುತ್ತಲೇ ಹೇಳಿದೆ. “ತುಂಬಾ ತಮಾಷೆ ಮನುಷ್ಯ ಅತ್ತೆ ಅವನು. ಅವನು ಮಾಡೋದು ನೋಡಿದ್ರೆ ನೀವೂ ನಗ್ತೀರಿ.”

“ನಗ್ಬೇಡ” ಅಂದರು.

“ಇಲ್ಲ ಅತ್ತೆ, ನಿಜವಾಗ್ಲೂ...”

“ಆ ನಗು ನಂಗೆ ಗೊತ್ತು. ನೀನು ಈ ಮನೆಗೆ ಬಂದಾಗ ಹೀಗೇ ನಗ್ತಿದ್ದೆ.”

ನನ್ನ ಕೈ ಬಟಾಣಿ ಬುಟ್ಟಿಯಲ್ಲೇ ನಿಂತಿತು. ಹೌದು, ಅತ್ತೆಯೂ ಅಣಕಿಸುತ್ತಿದ್ದರು. ನೆಂಟರೆಲ್ಲ ಊಟಕ್ಕೆ ಕೂತಾಗ, ನಾನು ಬಡಿಸುತ್ತ ಏನಾದರೂ ಅಂದರೆ ಸಾಕು, ಕತ್ತು ಓರೆ ಮಾಡಿ, ಕಣ್ಣರಳಿಸಿ, “ಉಪ್ಪು ಸರಿಯಾಗಿದೆ, ಅಲ್ವಾ? ನಾನು ಮಾಡಿದ್ದು, ಅಲ್ವಾ?” ಅನ್ನುತ್ತಿದ್ದರು. ಅವರ ಅಣ್ಣ ತೊಡೆ ತಟ್ಟಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದನ್ನು ನಾನು ಮರೆತಿದ್ದೆ ಅಂತಲ್ಲ. ಅದಕ್ಕೆ ಹೊಸ ಸೊಸೆಯ ಕಾಲ ಅಂತ ಹೆಸರಿಟ್ಟು ಮೂಲೆಗೆ ತಳ್ಳಿದ್ದೆ.

“ನೀನು ನಗ್ತಿದ್ಯಲ್ಲ, ಅದಕ್ಕೇ ಇದು ತಮಾಷೆ ಅಂದ್ಕೊಂಡಿದ್ದೆ” ಅಂದ ಅತ್ತೆ, ಕೂಡಲೇ ತಲೆ ಅಡ್ಡಡ್ಡ ಆಡಿಸಿದರು. “ಅದೂ ಸುಳ್ಳು. ತಮಾಷೆ ಅಲ್ಲ ಅಂತ ಗೊತ್ತಿತ್ತು. ನಿಂಗೆ ನೋಯ್ಲಿ ಅಂತಲೇ ಮಾಡ್ತಿದ್ದೆ. ಮಗ ಕೈತಪ್ಪಿ ಹೋಗ್ತಾನೆ ಅಂತ ಹೆದರಿಕೆ. ನಿನ್ನ ಒಂದಿಷ್ಟು ಚಿಕ್ಕೋಳು ಮಾಡಿ ಕೂರಿಸಿದ ದಿನ ನಂಗೆ ನಿದ್ದೆ ಚೆನ್ನಾಗಿ ಬರ್ತಿತ್ತು. ಅವನಿಗೂ ಏನೋ ಹೆದರಿಕೆ ಇರುತ್ತೆ. ಅದು ಅವನ ಕಷ್ಟ. ನಿನ್ನ ಕೈಗೇನೂ ಆಗಿಲ್ಲ.”

ನನಗೆ ಎದ್ದು ಹೋಗಬೇಕು ಅನ್ನಿಸಿತು. ಇಷ್ಟು ವರ್ಷ ಸುಮ್ಮನಿದ್ದು ಈಗ ಬಟಾಣಿ ಬಿಡಿಸುತ್ತ ಹೇಳುವ ಮಾತೇ ಇದು ಅಂತ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನನ್ನ ನಗು ಯಾರಿಗೂ ಗೊತ್ತಾಗದ ಮರೆ ಅಂದುಕೊಂಡಿದ್ದೆನಲ್ಲ, ಅದನ್ನು ಎದುರಿಗಿದ್ದವರು ಅಂದೇ ಕಂಡಿದ್ದರು. ಕಂಡೂ ಮುಂದುವರಿಸಿದ್ದರು. ಹಾಗಾದರೆ ಕ್ವಾಲಿಟಿಗೂ ಕಾಣುತ್ತಿತ್ತು.

“ನಾನು ಏನ್ ಮಾಡ್ಬೇಕಿತ್ತು?” ಅಂದೆ. ದನಿ ಗಡುಸಾಗಿಯೇ ಬಂತು.

“ನೀನೇನೂ ಮಾಡೋ ಹಾಗಿರ್ಲಿಲ್ಲ. ನಿಲ್ಲಿಸ್ಬೇಕಾಗಿದ್ದು ನಾನು.” ಅತ್ತೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. “ಆದ್ರೆ ಒಂದು ಹೇಳ್ತೀನಿ, ಮಾಡ್ದೋಳು ನಾನು, ನಂಗೆ ಗೊತ್ತು. ಯಾರಾದ್ರೂ ಒಬ್ರು, ಎಲ್ಲರ ಮುಂದೆ, ನಗದೆ, ‘ಅವಳು ಮಾಡಿದ್ರಲ್ಲಿ ತಪ್ಪೇನು, ಹೇಳು’ ಅಂತ ಕೇಳಿದ್ರೆ ನನ್ನ ಬಾಯಿ ಕಟ್ಟಿಹೋಗ್ತಿತ್ತು. ಯಾರೂ ಕೇಳ್ಲಿಲ್ಲ.”

 ನಾನು ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡು ಉಳಿದ ಬಟಾಣಿ ಬಿಡಿಸಿ ಮುಗಿಸಿದೆ.

ಸೋಮವಾರ ಅತ್ತೆಯ ಹಲ್ಲುಗಳನ್ನು ಮತ್ತೆ ನೆಟ್ಟು ಕೊಟ್ಟೆ. ಮಂಗಳವಾರ ಬೆಳಿಗ್ಗೆ ಅವು ಮತ್ತೆ ಹಾಲಿನ ನಡುವೆ ಅವನ ಕೈಯಲ್ಲಿದ್ದವು.

“ಅಜ್ಜಿಗೆ ನಮ್ಮ ಅಕ್ಕನ್ನ ಬಿಟ್ಟು ಹೋಗೋಕೇ ಮನಸ್ಸಿಲ್ಲ” ಅಂದ. ದವಡೆ ಟಕಟಕ ಆಡಿಸಿದ. “ನಾನು ಮತ್ತೆ ಬಂದೆ, ಅಲ್ವಾ?”

ನಾನು ನಗಲಿಲ್ಲ. ಹೇಳುವುದು ಸುಲಭ. ಮುಖದ ಸ್ನಾಯುಗಳೆಲ್ಲ ತಾವಾಗಿಯೇ ಎಳೆಯುತ್ತಿದ್ದವು. ಯಾವಾಗಲೂ ನನ್ನ ನಗು ಮೊದಲು ಬರುತ್ತಿತ್ತಲ್ಲ, ಉಳಿದವರು ಅದಕ್ಕಾಗಿ ಕಾದರು. ಅದು ಬರಲಿಲ್ಲ. ಒಬ್ಬಿಬ್ಬರು ನಕ್ಕಂತೆ ಮಾಡಿ ನಿಲ್ಲಿಸಿದರು. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಎರಡನೆಯ ಸಲ ಹೇಳಿದ ತಮಾಷೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು.

“ಅದು ನಮ್ಮತ್ತೆ ಬಾಯಿ ಸರ್” ಅಂದೆ.

ಹಾಲಿನಲ್ಲಿ ಪಾಲಿಶ್ ಮೋಟಾರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಅದೂ ನಿಂತಿತು. ಪಾಲಿಶ್ ಮಾಡುವವಳು ಸ್ವಿಚ್ಚು ಆರಿಸಿದ್ದಳು.

“ಅಯ್ಯೋ ಅಕ್ಕಾ, ಹೇಳ್ಬಾರ್ದಾ. ತಮಾಷೆಗೆ ಅಂದಿದ್ದು.”

“ನಮ್ಮತ್ತೆ ಅಲ್ದಿದ್ರೂ ಇನ್ಯಾರದೋ ಅತ್ತೆ ಬಾಯಿ ಆಗಿರ್ತಿತ್ತು. ಅದು ತಮಾಷೆ ಅಲ್ಲ. ತಪ್ಪು ಎಲ್ಲಿದೆ, ಹೇಳಿ. ಯಾವ ಹಲ್ಲು?”

“ಅದು ನಿಮಗೇ...”

“ನಂಗೆ ಗೊತ್ತಾಗ್ತಿಲ್ಲ. ಪಾಸು ಮಾಡೋರು ನೀವು. ತೋರಿಸಿ.”

ಅವನ ಕಿವಿ ಕೆಂಪಾಯಿತು. ಫ್ರೇಮನ್ನು ಬೆಳಕಿಗೆ ಹಿಡಿದು ತಿರುಗಿಸಿದ. ತಿರುಗಿಸುತ್ತಲೇ ಇದ್ದ. ಮುಂದಿನ ಎರಡು ಹಲ್ಲಿನ ಮೇಲೆ ಬೆರಳಿಟ್ಟ. ಅದು ಬೇಕಂತಲೇ ಮಾಡಿದ್ದು, ಅವರಿಗೆ ಇದ್ದದ್ದೇ ಹಾಗೆ ಅಂದೆ. ಆಮೇಲೆ ಕೆಳಗಿನ ಸಾಲಿಗೆ ಬಂದ. “ಇದು. ಎಡಗಡೆ ಕೊನೆಯದು. ಒಳಗೆ ವಾಲಿದೆ.”

ನೋಡಿದೆ. ವಾಲಿತ್ತು. ನಿಜವಾಗಿಯೂ ವಾಲಿತ್ತು. ಹಾಗೇ ಹೋಗಿದ್ದರೆ ಅತ್ತೆಗೆ ನಾಲಿಗೆ ಕಚ್ಚುತ್ತಿತ್ತು.  ಇಷ್ಟು ಜನರ ಮುಂದೆ ಎದ್ದು ನಿಂತು ಕೇಳಿ, ಸಿಕ್ಕಿಬಿದ್ದದ್ದು ನಾನು. ಎಂದಿನ ನಗು ತುಟಿಗೆ ಬಂತು. ಈಗ ನಕ್ಕುಬಿಟ್ಟರೆ ಎಲ್ಲ ಮುಗಿಯುತ್ತದೆ, ಮತ್ತೆ ನಾಳೆಯಿಂದ ಶುರುವಾಗುತ್ತದೆ.

“ಹೌದು, ವಾಲಿದೆ. ನನ್ನ ತಪ್ಪು” ಅಂದೆ. “ಸರಿ ಮಾಡ್ತೀನಿ. ಹೀಗೆ ಮೊದಲ ದಿನವೇ ತೋರಿಸಬಹುದಿತ್ತು. ಇಷ್ಟು ಹೇಳೋಕೆ ಅದಕ್ಕೆ ನನ್ನ ದನಿ ಕೊಟ್ಟು ಆಡಿಸೋದು ಬೇಕಿರ್ಲಿಲ್ಲ. ಒಂದು ಹಲ್ಲಿಗೆ ಎಲ್ಲ ಹಲ್ಲೂ ಕೆಡವೋದೂ ಬೇಕಿರ್ಲಿಲ್ಲ.”

ಅವನ ಕೈಯಿಂದ ಫ್ರೇಮು ತೆಗೆದುಕೊಂಡೆ.   ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿ ಹಿಡಿದುಕೊಂಡು ಟೇಬಲ್ಲಿಗೆ ಬಂದೆ. ಅವನು, “ಸರಿ ಸರಿ, ಕೆಲಸ ನೋಡ್ರಿ” ಅಂತ ಯಾರಿಗೋ ಅಂದು ಒಳಗೆ ಹೋದ.

ಟೀ ಹೊತ್ತಿಗೆ ಪಾಲಿಶ್ ಮಾಡುವವಳು ಲೋಟ ಹಿಡಿದುಕೊಂಡು ನಾನಿದ್ದ ತೊಟ್ಟಿಯ ಬಳಿಗೇ ಬಂದಳು. “ನಿಮಗೆ ಇಷ್ಟ ಆಗುತ್ತೆ ಅಂದ್ಕೊಂಡಿದ್ವಿ. ನೀವೇ ಅಷ್ಟು ನಗ್ತಿದ್ರಲ್ಲ” ಅಂದಳು. ಆಮೇಲೆ ನೆಲ ನೋಡುತ್ತ, “ಇಲ್ಲ ಬಿಡಿ, ಗೊತ್ತಿತ್ತು. ನಮ್ಮ ಸರದಿ ಬರ್ಲಿಲ್ವಲ್ಲ ಅಂತ ಸುಮ್ನಿದ್ವಿ” ಅಂದಳು. ಅದೇ ಮಧ್ಯಾಹ್ನ ಇಬ್ಬರೂ ಮಾಲೀಕರ ಬಳಿ ಹೋದೆವು. ಅವರು ಮೊದಲು, “ಅವನು ಸ್ವಲ್ಪ ಬಾಯಾಳಿ, ಮನಸ್ಸಲ್ಲಿ ಏನಿಲ್ಲ” ಅಂದರು. ಇವಳು ತನ್ನ ಮೂಗಿನ ದನಿಯಲ್ಲೇ, “ಮನಸ್ಸಲ್ಲಿ ಏನಿದೆ ಅಂತ ನಾವು ಕೇಳ್ತಿಲ್ಲ ಸರ್. ಕೆಡವಿದ ಕೆಲಸ ಎಷ್ಟು ಸಲ ಮತ್ತೆ ಮಾಡ್ತಿದೀವಿ ಅಂತ ನೋಡಿ” ಅಂದಳು. ಅದು ಅವರಿಗೆ ಅರ್ಥವಾಗುವ ಮಾತು. ಇನ್ನು ಮೇಲೆ ತಪ್ಪಿದ್ದರೆ ಮಾಡಿದವರ ಟೇಬಲ್ಲಿಗೇ ಹೋಗಿ ಅವರಿಗಷ್ಟೇ ತೋರಿಸಬೇಕು, ಕೆಡವಬಾರದು ಅಂತ ಹೇಳಿದರು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದರೆ ಸುಳ್ಳು. ಕ್ವಾಲಿಟಿ ನನ್ನ ಜೊತೆ ಮಾತು ಬಿಟ್ಟ. ತಪ್ಪಿದ್ದ ಹಲ್ಲಿಗೆ ಪೆನ್ಸಿಲ್ ಗೀಟು ಹಾಕಿ ಟ್ರೇ ತಂದಿಟ್ಟು ಹೋಗುತ್ತಾನೆ. ಅಕ್ಕ ಅನ್ನುವುದೂ ನಿಂತಿದೆ, ಅದೊಂದು ಲಾಭ. ಟೇಬಲ್ಲು ಇನ್ನೂ ತೊಟ್ಟಿಯ ಪಕ್ಕದಲ್ಲೇ ಇದೆ, ಅದಕ್ಕೂ ಒಂದು ದಿನ ಬಾಯಿ ತೆರೆಯಬೇಕು. ಅವನ ಹೆಜ್ಜೆ ಸದ್ದು ಕೇಳಿದರೆ ಈಗಲೂ ನನ್ನ ಬೆನ್ನು ಸೆಟೆದುಕೊಳ್ಳುತ್ತದೆ. ಆದರೆ ಬೆಳಿಗ್ಗೆ ಹಾಲಿನಲ್ಲಿ ಹಲ್ಲುಗಳು ಮಾತಾಡುವುದಿಲ್ಲ.

ಅತ್ತೆಯ ಸೆಟ್ ಟ್ರಯಲ್ ಆಗಿ, ಗಟ್ಟಿಯಾಗಿ, ಬಾಯಿಗೆ ಬಂತು. ಮೊದಲ ಕೆಲವು ದಿನ ‘ಸ’ ಅಂದಾಗೆಲ್ಲ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಕನ್ನಡಿ ಮುಂದೆ ನಿಂತು ಸಕ್ಕರೆ, ಸೋಪು, ಸೊಸೆ ಅಂತ ಅಭ್ಯಾಸ ಮಾಡಿದರು. ಅಣ್ಣನಿಗೆ ಫೋನು ಮಾಡಿ ಬಣ್ಣ ಒಣಗಿದೆ, ಬಾ ಅಂದರು.

ಅತ್ತೆಯ ಅಣ್ಣ ಬಂದ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅತ್ತೆ ನಮ್ಮೊಡನೆ ಕೂತು ಉಣ್ಣುವುದನ್ನು ನೋಡಿ ತಿಂಗಳುಗಳಾಗಿತ್ತು. ತಂಗಿಯ ಮುಖವನ್ನೇ ನೋಡುತ್ತಿದ್ದ ಅಣ್ಣ, “ಅದೇ ಹಲ್ಲು ಕಣೇ, ಒಂದರ ಮೇಲೊಂದು” ಅಂತ ಖುಷಿಪಟ್ಟರು. ನನ್ನ ಕಡೆ ತಿರುಗಿ, “ಭೇಷ್ ಕಣಮ್ಮಾ” ಅಂದರು. ಆಮೇಲೆ ಆ ಖುಷಿಯಲ್ಲೇ ತಂಗಿಗೆ, “ಬಾಯಿ ಬಂತಲ್ಲ, ಈಗ ಅದನ್ನ ಮಾಡು ನೋಡೋಣ. ಆಗ ಇವಳ ಹಾಗೆ ಮಾಡ್ತಿದ್ಯಲ್ಲ, ಅಲ್ವಾ ಅಲ್ವಾ ಅಂತ. ಅದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ನಗು ಬರುತ್ತೆ” ಅಂದರು.

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

“ಇಲ್ಲ ಅಣ್ಣ. ಅದು ತಮಾಷೆ ಆಗಿರ್ಲಿಲ್ಲ. ನಾನು ಅವಳಿಗೆ ಹಿಂಸೆ ಕೊಡ್ತಿದ್ದೆ. ನೀವೆಲ್ಲ ನಗ್ತಿದ್ರಿ, ಅದಕ್ಕೆ ಇನ್ನಷ್ಟು ಕೊಡ್ತಿದ್ದೆ.”

“ಏನೇ ಇದು, ಊಟದ ಹೊತ್ತಲ್ಲಿ. ಅವಳೇ ನಗ್ತಿದ್ಲಲ್ಲ.” ಅವರು ನನ್ನನ್ನು ನೋಡಿದರು. “ಏನಮ್ಮಾ, ನಿಂಗೆ ಬೇಜಾರಾಗ್ತಿತ್ತಾ?”

ಛೆ, ಇಲ್ಲ ಮಾವ, ಬಿಡಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ದೂರದಿಂದ ಬಂದ ವಯಸ್ಸಾದವರು, ಅವರ ಊಟ ಕೆಡಿಸಲು ನನಗೆ ಮನಸ್ಸಿರಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರ ಮುಖ ನಾಚಿಕೆಯಿಂದ ಕೆಂಪಗಾಗಿತ್ತು, ಆದರೂ ಕಣ್ಣು ತೆಗೆಯಲಿಲ್ಲ.

“ಹೌದು ಮಾವ, ಆಗ್ತಿತ್ತು” ಅಂದೆ.

 ಮಾವ ನೀರಿನ ಲೋಟ ಎತ್ತಿ, ಕುಡಿಯದೆ ಮತ್ತೆ ಕೆಳಗಿಟ್ಟರು. ಆಗ ನಮ್ಮ ಯಜಮಾನರು, ಅಲ್ಲಿಯವರೆಗೆ ಒಂದು ಮಾತೂ ಆಡದೆ ಕೂತಿದ್ದವರು, ತಲೆ ಎತ್ತದೆ ಹೇಳಿದರು: “ನಂಗೂ ಗೊತ್ತಿತ್ತು.”

ನಾನು ಪರವಾಗಿಲ್ಲ ಅನ್ನಲಿಲ್ಲ.